ಶಾಸನ ಮತ್ತು ಮಕ್ಕಳ ಲೆಕ್ಕ

ಕನ್ನಡದಲ್ಲಿ ‘ಶಾಸನ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿರುವುದನ್ನು ತಾವೆಲ್ಲ ಬಲ್ಲಿರಿ. ಹಳೆಯ ಗುಡಿಯ ಅಂಗಳದಲ್ಲಿ ಸುಣ್ಣ ಬಳಿಸಿಕೊಂಡು ನಿಂತಿರುವ ಬರಹದ ಕಲ್ಲೂ ಶಾಸನವೇ. ರಾಜಧಾನಿಯಲ್ಲಿ ಜನಪ್ರತಿನಿಧಿಗಳು ಕೂಡಿ ಮಾಡುವ ಕಾಯಿದೆಯೂ ಶಾಸನವೇ. ಒಂದನ್ನು ಇತಿಹಾಸದ ಅಧ್ಯಾಪಕರು ಓದುತ್ತಾರೆ, ಇನ್ನೊಂದನ್ನು ವಕೀಲರು ಓದುತ್ತಾರೆ. ಎರಡನ್ನೂ ಮಗ್ಗುಲಲ್ಲಿಟ್ಟುಕೊಂಡು ಓದುವ ಗೋಜಿಗೆ ಹೋಗುವವರು ವಿರಳ. ಕನ್ನಡ ಕಲಿಸಿ ನಿವೃತ್ತನಾದ ನನಗೆ ಈಗ ಬೇಕಾದಷ್ಟು ಬಿಡುವು. ಬೆಳಿಗ್ಗೆ ಪತ್ರಿಕೆಯಲ್ಲಿ ವಿಧಾನಮಂಡಲದ ಅಧಿವೇಶನದ ವರದಿ ಓದುವುದು, ಸಂಜೆ ಮೊಮ್ಮಗಳ ಗಣಿತದ ಮನೆ ಅಭ್ಯಾಸ ನೋಡುವುದು ಇವೆರಡೂ ನಿತ್ಯಕರ್ಮಗಳಂತೆ ನಡೆದಿವೆ. ಹೀಗೆ ದಿನದ ಎರಡು ತುದಿಗಳಲ್ಲಿ ಎರಡು ಬಗೆಯ ಲೆಕ್ಕಗಳನ್ನು ನೋಡುತ್ತ ನೋಡುತ್ತ, ಇವು ಬೇರೆ ಬೇರೆಯಲ್ಲ ಎಂಬ ಭಾವನೆ ನನ್ನಲ್ಲಿ ಬಲವಾಗಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಮ್ಮ ನಾಲ್ಕು ತಾಲೂಕುಗಳ ನೆಲದ ಮೇಲೆ ನಿಂತು ನೋಡಿದರೆ ಈ ನಂಟು ಸಾವಿರ ವರ್ಷಕ್ಕೂ ಹಿಂದಿನದು.

ಮೊದಲು ಇಂಡಿ ತಾಲೂಕಿನ ಸಾಲೊಟಗಿಗೆ ಹೋಗೋಣ. ಇಂದು ಶಿವಯೋಗೇಶ್ವರನ ಜಾತ್ರೆಗೆ ಹೆಸರಾದ ಈ ಊರಿನ ಹಳೆಯ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಆಳುತ್ತಿದ್ದಾಗ, ಶಕವರ್ಷ 867ರಲ್ಲಿ, ಎಂದರೆ ಕ್ರಿ.ಶ. 945ರಲ್ಲಿ, ಅವನ ಮಂತ್ರಿಯಾದ ನಾರಾಯಣನೆಂಬವನು ಇಲ್ಲಿ ತ್ರಯೀಪುರುಷರ, ಎಂದರೆ ಬ್ರಹ್ಮ ವಿಷ್ಣು ಮಹೇಶ್ವರರ, ಹೆಸರಿನಲ್ಲಿ ಒಂದು ಶಾಲೆಯನ್ನು ಕಟ್ಟಿಸಿದ. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬಂದು ಓದುತ್ತಿದ್ದ ಆ ಶಾಲೆಯ ವಿವರಗಳನ್ನು ಅಲ್ಲಿಯ ಕಂಬದ ಮೇಲಿನ ಸಂಸ್ಕೃತ ಶಾಸನ ನಮಗೆ ಉಳಿಸಿಕೊಟ್ಟಿದೆ. ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು. ದೀಪದ ಖರ್ಚಿಗೆ 12 ನಿವರ್ತನ ಭೂಮಿ. ಪಾಠ ಹೇಳುವ ಆಚಾರ್ಯನಿಗೆ 50 ನಿವರ್ತನ. ಓದುವ ಹುಡುಗರಿಗೆ ರಾತ್ರಿ ಎಣ್ಣೆಯೂ ಬೇಕು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಭೂಮಿಯನ್ನು ಅಳೆದುಕೊಟ್ಟ ಆ ಕಾಲದವರ ಲೆಕ್ಕಾಚಾರಕ್ಕೆ ತಲೆದೂಗಬೇಕು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ರಾಜದಾನವಲ್ಲ, ಊರವರ ಒಪ್ಪಂದ. ಆ ಅಗ್ರಹಾರದ ಮನೆತನದವರು ಶಾಲೆಯ ಸಲುವಾಗಿ ತಮ್ಮ ಮೇಲೆ ತಾವೇ ಒಂದು ತೆರಿಗೆಯನ್ನು ಹಾಕಿಕೊಂಡರು. ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು. ಐದರ ಅರ್ಧ ಎರಡೂವರೆ, ಎರಡೂವರೆಯ ಅರ್ಧ ಒಂದೂಕಾಲು. ನಮ್ಮ ಸಂತೆಯ ಭಾಷೆಯಲ್ಲಿ ಹೇಳುವುದಾದರೆ ಅಡೀಚ ಮತ್ತು ಸವಾ. ಚಿಕ್ಕಂದಿನಲ್ಲಿ ಸಿಂದಗಿ ತಾಲೂಕಿನ ನಮ್ಮ ಊರಿನ ಕಟ್ಟೆಯ ಮೇಲೆ ಹಿರಿಯರು ನಮ್ಮಿಂದ ಕಾಲಿನ ಮಗ್ಗಿ, ಅರೆಯ ಮಗ್ಗಿ, ಒಂದೂಕಾಲಿನ ಮಗ್ಗಿ ಹೇಳಿಸುತ್ತಿದ್ದರು. ಅಣೆ ಪೈಸೆಗಳ ಕಾಲ 1957ರಲ್ಲೇ ಮುಗಿದು ದಶಮಾಂಶದ ನಾಣ್ಯ ಬಂದಿದ್ದರೂ ಹಿರಿಯರ ನಾಲಗೆ ಕಾಲು ಅರೆಗಳನ್ನು ಬಿಟ್ಟಿರಲಿಲ್ಲ. ಸಾಲೊಟಗಿಯ ಕಲ್ಲಿನ ಅಂಕಿಗಳನ್ನು ಮೊದಲ ಸಲ ಪುಸ್ತಕದಲ್ಲಿ ಓದಿದಾಗ, ಇದು ನಮ್ಮ ಕಟ್ಟೆಯ ಲೆಕ್ಕವೇ ಅಲ್ಲವೆ ಎನಿಸಿತು.

ಹತ್ತನೆಯ ಶತಮಾನದ ಕರ್ನಾಟಕಕ್ಕೆ ಲೆಕ್ಕ ಹೊಸದೇನೂ ಆಗಿರಲಿಲ್ಲ. ಅದಕ್ಕೆ ನೂರು ವರ್ಷ ಮೊದಲು, ಇದೇ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದ್ದ; ಲೋಕದ ಎಲ್ಲ ವ್ಯವಹಾರಗಳಿಗೂ ಗಣಿತ ಬೇಕು ಎಂದು ಸಾರಿದ್ದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಆದರೆ ಸಾಲೊಟಗಿಯವರು ಗಣಿತದ ಗ್ರಂಥ ಬರೆಯಲಿಲ್ಲ. ಮಕ್ಕಳ ಓದಿಗಾಗಿ ಒಂದು ಲೆಕ್ಕ ಮಾಡಿ, ಅದನ್ನು ಎಲ್ಲರೂ ಒಪ್ಪಿ, ಎಲ್ಲರಿಗೂ ಕಾಣುವಂತೆ ಕಲ್ಲಿನಲ್ಲಿ ಕಡೆಸಿ ನಿಲ್ಲಿಸಿದರು. ಯಾರು ಕೊಡಬೇಕು, ಯಾವಾಗ ಕೊಡಬೇಕು, ಎಷ್ಟು ಕೊಡಬೇಕು ಎಂಬುದು ಅಲ್ಲಿ ಸ್ಪಷ್ಟವಾಗಿದೆ. ಇಂದಿನ ಕಾಯಿದೆಯೊಂದರಿಂದ ನಾವು ಬೇಡುವುದೂ ಇಷ್ಟನ್ನೇ.

ಹಾಗೆಂದು ಸಾಲೊಟಗಿಯ ಲೆಕ್ಕದಲ್ಲಿ ಶೇಷವೇ ಇರಲಿಲ್ಲ ಎನ್ನಲಾಗದು. ಆ ಒಪ್ಪಂದ ಅಗ್ರಹಾರದ ಮನೆಗಳಿಗೆ ಸಂಬಂಧಿಸಿದ್ದು. ತೆರಿಗೆಯ ಒಂದು ಬಾಬು ಉಪನಯನವಾಗಿರುವುದೇ ಅದನ್ನು ಸಾರುತ್ತದೆ. ಉಪನಯನವಿಲ್ಲದವರ ಮಕ್ಕಳು, ಮತ್ತು ಎಲ್ಲರ ಮನೆಯ ಹೆಣ್ಣುಮಕ್ಕಳು, ಆ ಭಾಗಾಕಾರದಲ್ಲಿ ಎಲ್ಲಿದ್ದರು? ಅಲ್ಲಿಂದ ಸುಮಾರು ಎರಡು ಶತಮಾನಗಳ ಬಳಿಕ, ಅಷ್ಟೇನೂ ದೂರವಲ್ಲದ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನು ಉಪನಯನವನ್ನೇ ನಿರಾಕರಿಸಿದನೆಂದು ನಮ್ಮ ಪರಂಪರೆ ಹೇಳುತ್ತದೆ. ಕರಣಿಕನಾಗಿ ಲೆಕ್ಕ ಬರೆದು, ಬಿಜ್ಜಳನ ಭಂಡಾರಿಯಾಗಿ ರಾಜ್ಯದ ಆಯವ್ಯಯ ಕಂಡವನು ಅವನು. ಕಲ್ಯಾಣದಲ್ಲಿ ನಾನಾ ಕಾಯಕದ ಶರಣರು, ಶರಣೆಯರು ಒಂದೇ ಮಟ್ಟದಲ್ಲಿ ಕುಳಿತು ಮಾತನಾಡಿದ ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತು ಎಂದು ಕರೆಯುವವರಿದ್ದಾರೆ. ಆ ಹೋಲಿಕೆ ಎಷ್ಟು ಸರಿ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಲೆಕ್ಕ ಬಲ್ಲ ಮನುಷ್ಯನೊಬ್ಬ ಹಳೆಯ ಲೆಕ್ಕದಲ್ಲಿ ಹೊರಗುಳಿದವರನ್ನು ಎಣಿಕೆಗೆ ತಂದ ಎಂಬುದಷ್ಟೇ ಇಂದಿನ ನನ್ನ ಮಾತಿಗೆ ಸಾಕು.

ಇನ್ನು ಕಾಲವನ್ನು ದಾಟಿ, ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ದಿನಗಳಿಗೆ ಬರೋಣ. 1956ರಲ್ಲಿ ಏಕೀಕರಣವಾಗುವವರೆಗೆ ನಮ್ಮ ನಾಲ್ಕು ತಾಲೂಕುಗಳ ಮಕ್ಕಳು ಎಷ್ಟನೆಯ ವಯಸ್ಸಿಗೆ ಶಾಲೆಗೆ ಹೋಗಬೇಕು, ಹೋಗಲೇಬೇಕೋ ಬೇಡವೋ ಎಂಬುದೆಲ್ಲ ಮುಂಬಯಿಯ ಶಾಸನಸಭೆಯಲ್ಲಿ, ಅದಕ್ಕೂ ಮೇಲೆ ವೈಸರಾಯರ ಶಾಸನಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಆ ಮೇಲಿನ ಸಭೆಯಲ್ಲಿ ನಮ್ಮ ಪ್ರಾಂತದಿಂದ ಹೋದ ಒಬ್ಬ ಗಣಿತದ ಮೇಷ್ಟ್ರು ಇದ್ದರು. ಅವರೇ ಗೋಪಾಲ ಕೃಷ್ಣ ಗೋಖಲೆ.

ಗೋಖಲೆಯವರನ್ನು ನಾವು ಗಾಂಧೀಜಿಯ ರಾಜಕೀಯ ಗುರುವೆಂದು ಬಲ್ಲೆವು. ಅವರು ಪುಣೆಯ ಶಾಲೆಯಲ್ಲೂ ಫರ್ಗ್ಯುಸನ್ ಕಾಲೇಜಿನಲ್ಲೂ ಗಣಿತವನ್ನು ಕಲಿಸಿದವರು, ಸಹೋದ್ಯೋಗಿಯಾದ ಬಾಪಟರೊಡನೆ ಅಂಕಗಣಿತದ ಪಠ್ಯಪುಸ್ತಕವನ್ನು ಸಿದ್ಧಪಡಿಸಿದವರು ಎಂಬುದು ಅಷ್ಟು ಪ್ರಚಾರದಲ್ಲಿಲ್ಲ. ಆ ಪುಸ್ತಕ ಬಹುಕಾಲ ಶಾಲೆಗಳಲ್ಲಿ ನಡೆಯಿತು. ಗೋಖಲೆಯವರ ಬಾಲ್ಯದ ಕಥೆಯೊಂದು ವಾಚನಪುಸ್ತಕಗಳಲ್ಲಿ ಬರುತ್ತಿತ್ತು. ಗುರುಗಳು ಮನೆಗೆ ಕೊಟ್ಟ ಲೆಕ್ಕಗಳನ್ನು ಇಡೀ ವರ್ಗದಲ್ಲಿ ಸರಿಯಾಗಿ ಮಾಡಿಕೊಂಡು ಬಂದವನು ಗೋಪಾಲನೊಬ್ಬನೇ. ಗುರುಗಳು ಮೊದಲ ಸ್ಥಾನದಲ್ಲಿ ಕೂಡ್ರಿಸಿದಾಗ ಹುಡುಗ ಅಳತೊಡಗಿದ. ಒಂದು ಲೆಕ್ಕಕ್ಕೆ ಇನ್ನೊಬ್ಬರ ಸಹಾಯ ಪಡೆದಿದ್ದೆ, ಈ ಮರ್ಯಾದೆ ನನಗೆ ಸಲ್ಲದು ಎಂದ. ಕಥೆ ಅಕ್ಷರಶಃ ನಿಜವೋ, ದೊಡ್ಡವರ ಸುತ್ತ ಬೆಳೆಯುವ ಕಥೆಗಳಲ್ಲಿ ಒಂದೋ, ಇರಲಿ. ಮುಂದೆ ಶಾಸನಸಭೆಯಲ್ಲಿ ಅವರು ನಡೆದುಕೊಂಡ ರೀತಿಗೆ ಅದು ಒಪ್ಪುತ್ತದೆ.

1910ರಲ್ಲಿ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಬಗ್ಗೆ ಒಂದು ಗೊತ್ತುವಳಿ ತಂದು, ಸರ್ಕಾರ ವಿಚಾರ ಮಾಡುವುದಾಗಿ ಹೇಳಿದ ಮೇಲೆ ಹಿಂತೆಗೆದುಕೊಂಡರು. 1911ರ ಮಾರ್ಚ್ 16ರಂದು ಮಸೂದೆಯನ್ನೇ ಮಂಡಿಸಿದರು. ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಶಾಲೆ ಕಡ್ಡಾಯ. ಹೆಣ್ಣುಮಕ್ಕಳಿಗೆ ಅದನ್ನು ಕ್ರಮೇಣ ವಿಸ್ತರಿಸುವ ಅವಕಾಶ. ಕಡ್ಡಾಯ ಮಾಡುವ ಅಧಿಕಾರ ನಗರಸಭೆಗೆ ಅಥವಾ ಜಿಲ್ಲಾ ಬೋರ್ಡಿಗೆ, ಅದೂ ಸರ್ಕಾರದ ಒಪ್ಪಿಗೆ ಪಡೆದು. ತಿಂಗಳಿಗೆ ಹತ್ತು ರೂಪಾಯಿ ಮೀರದ ಆದಾಯವಿರುವ ಪೋಷಕರಿಂದ ಫೀ ತೆಗೆದುಕೊಳ್ಳುವಂತಿಲ್ಲ. ಬಡೋದೆಯಲ್ಲಿ ಸಯಾಜಿರಾವ್ ಮಹಾರಾಜರು 1906ರ ಹೊತ್ತಿಗೆ ಕಡ್ಡಾಯ ಶಿಕ್ಷಣವನ್ನು ತಮ್ಮ ಸಂಸ್ಥಾನಕ್ಕೆಲ್ಲ ಹಬ್ಬಿಸಿದ್ದರು. ಅಲ್ಲಿ ಸಾಧ್ಯವಾದದ್ದು ಬ್ರಿಟಿಷ್ ಸರ್ಕಾರಕ್ಕೆ ಏಕೆ ಸಾಧ್ಯವಿಲ್ಲ ಎಂಬುದು ಗೋಖಲೆಯವರ ಪ್ರಶ್ನೆ.

ಮಸೂದೆಯಲ್ಲಿ ಒಂದು ಎಚ್ಚರಿಕೆಯ ಷರತ್ತಿತ್ತು. ಒಂದು ಪ್ರದೇಶದ ಮಕ್ಕಳಲ್ಲಿ ಸರ್ಕಾರ ಗೊತ್ತುಪಡಿಸುವ ಶೇಕಡಾವಾರು ಮಂದಿ ಆಗಲೇ ಶಾಲೆಯಲ್ಲಿದ್ದರೆ ಮಾತ್ರ ಅಲ್ಲಿ ಕಡ್ಡಾಯ. ಗೋಖಲೆಯವರು ಸೂಚಿಸಿದ್ದ ಅಂಕಿ ಶೇಕಡಾ 33. ಲೆಕ್ಕದ ಮೇಷ್ಟ್ರು ಸರ್ಕಾರದ ಬೊಕ್ಕಸವನ್ನು ನೋಡಿ, ಒಪ್ಪಿಗೆಯಾಗಬಲ್ಲ ಅಂಕಿಯನ್ನೇ ಹಿಡಿದಿದ್ದರು. ಆದರೂ ಮಳೆ ನಂಬಿದ ನಮ್ಮ ಸಿಂದಗಿ, ಮುದ್ದೇಬಿಹಾಳಗಳಂಥ ಸೀಮೆಗೆ ಆ ಗೆರೆ ಮುಟ್ಟುವುದು ಸುಲಭವಿರಲಿಲ್ಲವೆಂದು ಊಹಿಸಬಹುದು. ಶಾಲೆಗೆ ಹೋಗುವವರು ಕಡಿಮೆ ಇರುವಲ್ಲಿಯೇ ಕಾಯಿದೆಯ ಅವಶ್ಯಕತೆ ಹೆಚ್ಚು. ಕಾಯಿದೆ ಬರುವುದು ಮಾತ್ರ ಹೋಗುವವರು ಹೆಚ್ಚಿರುವಲ್ಲಿಗೆ. ಈ ತೊಡಕು ಶೇಕಡಾವಾರು ಲೆಕ್ಕದ ಹುಟ್ಟುಗುಣ.

ಅಷ್ಟು ವಿನಯದ ಮಸೂದೆಗೂ ದಾರಿ ಸಿಗಲಿಲ್ಲ. ಅದನ್ನು ಪ್ರಾಂತಗಳ ಅಭಿಪ್ರಾಯಕ್ಕಾಗಿ ಕಳುಹಿಸಲಾಯಿತು. ಖರ್ಚು ಹೆಚ್ಚು, ಜನರಿಂದ ಬೇಡಿಕೆ ಬಂದಿಲ್ಲ, ಆಡಳಿತಕ್ಕೆ ತೊಂದರೆ ಎಂಬ ಆಕ್ಷೇಪಗಳು ಬಂದವು. ಮಕ್ಕಳೆಲ್ಲ ಶಾಲೆಗೆ ಹೋದರೆ ಹೊಲದ ಕೆಲಸಕ್ಕೆ ಆಳು ಎಲ್ಲಿ ಎಂಬ ಚಿಂತೆ ಕೆಲವು ಭೂಮಾಲೀಕರಿಗೆ. 1912ರ ಮಾರ್ಚಿಯಲ್ಲಿ ಮಸೂದೆಯನ್ನು ಸೆಲೆಕ್ಟ್ ಕಮಿಟಿಗೆ ಒಪ್ಪಿಸಬೇಕೆಂದು ಗೋಖಲೆಯವರು ಕೇಳಿದರು. ಅಂಗೀಕರಿಸಿ ಎಂದಲ್ಲ, ಪರಿಶೀಲಿಸಿ ಎಂದು ಮಾತ್ರ. ಮಾರ್ಚ್ 19ರಂದು ಮತ ಎಣಿಸಿದಾಗ ವಿರುದ್ಧ 38, ಪರ 13. ಒಟ್ಟು 51, ಬಹುಮತಕ್ಕೆ 26 ಬೇಕು, ಇದ್ದುದು ಅದರ ಸರಿಯಾಗಿ ಅರ್ಧ. 1909ರ ಸುಧಾರಣೆಯ ನಂತರವೂ ಆ ಸಭೆಯಲ್ಲಿ ಸರ್ಕಾರಿ ಸದಸ್ಯರದೇ ಬಹುಮತ. ಉತ್ತರ ಮೊದಲೇ ಗೊತ್ತಿದ್ದ ಲೆಕ್ಕ ಅದು. ತಮ್ಮ ತಲೆಮಾರಿನವರು ಸೋಲುಗಳ ಮೂಲಕವೇ ದೇಶಸೇವೆ ಮಾಡಬೇಕಾಗಿದೆ ಎಂಬ ಅರ್ಥದ ಮಾತನ್ನು ಗೋಖಲೆಯವರು ಆ ಸಂದರ್ಭದಲ್ಲಿ ಆಡಿದರು. 1915ರ ಫೆಬ್ರವರಿಯಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡರು.

ಉತ್ತರ ಗೊತ್ತಿದ್ದರೂ ಏಕೆ ಅಷ್ಟೊಂದು ಶ್ರಮಪಟ್ಟರು? ಇದಕ್ಕೆ ಸಮಾಧಾನ ಹೊಳೆದದ್ದು ಮನೆ ಅಭ್ಯಾಸದ ವಹಿಯಿಂದ. ಒಂದು ಸಂಜೆ ಮೊಮ್ಮಗಳು ಮುಖ ಸಣ್ಣದು ಮಾಡಿಕೊಂಡು, “ಮುತ್ಯಾ, ಉತ್ತರ ಬರೋಬ್ಬರಿ ಐತಿ, ಆದ್ರೂ ಟೀಚರ್ ಅರ್ಧಾ ಮಾರ್ಕ್ಸ್ ಕಡಿಮಿ ಮಾಡ್ಯಾರ ನೋಡು” ಎಂದಳು. ನೋಡಿದೆ. ಸಾವಿರ ಲಿಂಬೆಹಣ್ಣಿನ ಬೆಲೆ ಕೊಟ್ಟು ಮುನ್ನೂರೈವತ್ತರ ಬೆಲೆ ಕೇಳಿದ ಲೆಕ್ಕ. ಇಂಡಿಯ ಸೀಮೆಯ ಮಕ್ಕಳಿಗೆ ತಕ್ಕುದೇ. ಹುಡುಗಿ ಬಾಯಲ್ಲೇ ಲೆಕ್ಕ ಹಾಕಿ ಉತ್ತರವನ್ನಷ್ಟೇ ಬರೆದಿದ್ದಳು. ಮಗ್ಗುಲಲ್ಲಿ ಕೆಂಪು ಶಾಯಿಯಲ್ಲಿ ‘ರೀತಿ ತೋರಿಸು’ ಎಂದಿತ್ತು. ಉತ್ತರ ತಪ್ಪಾದರೂ ರೀತಿ ಬರೆದಿದ್ದರೆ ಎಲ್ಲಿಯವರೆಗೆ ಸರಿಯಿತ್ತು, ಎಲ್ಲಿ ಕಾಲು ಜಾರಿತು ಎಂದು ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ಇನ್ನೊಬ್ಬರು ಮಾಡಿಕೊಡಬಹುದು ಎಂದು ಆಕೆಗೆ ಹೇಳಿದೆ.

ಶಾಸನಸಭೆಯ ಕಾರ್ಯವಿಧಾನವೂ ಹೀಗೆ ತೋರಿಸಿದ ರೀತಿಯೇ ಅಲ್ಲವೆ? ಮಸೂದೆಯ ಮಂಡನೆ, ಪರ್ಯಾಲೋಚನೆ, ಸಮಿತಿಯ ಪರಿಶೀಲನೆ, ಕಲಮು ಕಲಮಿನ ಚರ್ಚೆ, ತಿದ್ದುಪಡಿ, ಮತದಾನ, ಇಷ್ಟೂ ಹಂತಗಳನ್ನು ನಡಾವಳಿಯಲ್ಲಿ ಬರೆದಿಡುತ್ತಾರೆ. ಗದ್ದಲದ ನಡುವೆ ಚರ್ಚೆಯಿಲ್ಲದೆ ಮಸೂದೆಗಳು ಅಂಗೀಕಾರವಾದ ಸುದ್ದಿ ಓದಿದಾಗಲೆಲ್ಲ, ಉತ್ತರವನ್ನಷ್ಟೇ ಬರೆದ ವಹಿಯ ನೆನಪಾಗುತ್ತದೆ. ಗೋಖಲೆಯವರ ಲೆಕ್ಕ ಸಭೆಯಲ್ಲಿ ಸೋತಿತು; ರೀತಿ ದಾಖಲೆಯಲ್ಲಿ ಉಳಿಯಿತು. ಅದನ್ನು ಮುಂದುವರಿಸುವವರು ಬಂದೇ ಬಂದರು.

ಮೈಸೂರು ಸಂಸ್ಥಾನದಲ್ಲಿ 1913ರಲ್ಲಿಯೇ ಪ್ರಾಥಮಿಕ ಶಿಕ್ಷಣದ ಕಾನೂನಾಯಿತು. ನಮ್ಮ ಮುಂಬಯಿ ಪ್ರಾಂತದಲ್ಲಿ ವಿಠ್ಠಲಭಾಯಿ ಪಟೇಲರು ಖಾಸಗಿ ಸದಸ್ಯರಾಗಿ ತಂದ ಮಸೂದೆ 1918ರಲ್ಲಿ ಕಾಯಿದೆಯಾಗಿ, ಕಡ್ಡಾಯ ಶಿಕ್ಷಣ ಜಾರಿಗೆ ತರುವ ಅಧಿಕಾರ ನಗರಸಭೆಗಳಿಗೆ ದೊರೆಯಿತು. 1923ರ ಕಾಯಿದೆ ಹಳ್ಳಿಗಾಡಿನ ಜಿಲ್ಲಾ ಲೋಕಲ್ ಬೋರ್ಡುಗಳನ್ನೂ ಒಳಗೊಂಡಿತು. 1947ರಲ್ಲಿ ಮತ್ತೊಂದು ಕಾಯಿದೆ. ಏಕೀಕರಣದ ನಂತರ 1961ರಲ್ಲಿ ಮೈಸೂರು ರಾಜ್ಯದ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆ. ಈ ನಡುವೆ 1950ರ ಸಂವಿಧಾನ, ಹತ್ತು ವರ್ಷಗಳೊಳಗೆ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಒದಗಿಸಲು ರಾಜ್ಯವು ಯತ್ನಿಸಬೇಕೆಂದು ನಿರ್ದೇಶಿಸಿತ್ತು. 1950ಕ್ಕೆ ಹತ್ತು ಕೂಡಿಸಿದರೆ 1960 ಎಂಬುದು ಒಂದನೆಯ ಇಯತ್ತೆಯ ಲೆಕ್ಕ. ದೇಶಕ್ಕೆ ಅದು ಬಗೆಹರಿಯಲಿಲ್ಲ. 2002ರಲ್ಲಿ 86ನೆಯ ತಿದ್ದುಪಡಿಯಾಗಿ ಶಿಕ್ಷಣ ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. 1911ರ ಮಾರ್ಚ್ 16ರಿಂದ ಆ ದಿನದವರೆಗೆ ತೊಂಬತ್ತೊಂಬತ್ತು ವರ್ಷ, ಹದಿನಾರು ದಿನ. ಅಷ್ಟು ದೀರ್ಘವಾದ ಮನೆ ಅಭ್ಯಾಸ ನಾಡಿಗೆ ಬಹುಶಃ ಇನ್ನೊಂದಿಲ್ಲ.

ಲೆಕ್ಕ ಈಗಲಾದರೂ ಮುಗಿಯಿತೆ? ನಮ್ಮ ನಾಲ್ಕು ತಾಲೂಕುಗಳಲ್ಲಿ ಇಂದಿಗೂ ದೀಪಾವಳಿ ಕಳೆಯುತ್ತಲೇ ಕಬ್ಬು ಕಡಿಯಲು, ಇಟ್ಟಿಗೆ ಹೊರಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ, ಗೋವೆ, ಬೆಂಗಳೂರುಗಳ ಕಡೆಗೆ ಸಂಸಾರ ಸಮೇತ ಗುಳೆ ಹೋಗುವವರಿದ್ದಾರೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ. ಬೆಂಚಿನ ಮೇಲೆ ಮಗು ಇರುವುದಿಲ್ಲ. ಭಾಗಲಬ್ಧವನ್ನು ದೊಡ್ಡ ಅಕ್ಷರದಲ್ಲಿ ಬರೆದು ಶೇಷವನ್ನು ಮೂಲೆಯಲ್ಲಿ ಬಿಟ್ಟುಬಿಡುವ ರೂಢಿ ನಮ್ಮ ವರದಿಗಳಿಗೆ ಇನ್ನೂ ಹೋಗಿಲ್ಲ.

ಶೇಷವನ್ನು ಏನು ಮಾಡಬೇಕೆಂಬುದಕ್ಕೆ ಸಂವಿಧಾನದಲ್ಲೇ ಒಂದು ಸುಳಿವಿದೆ. ರಾಜ್ಯದ ಶಾಸನಸಭೆಯ ಕೋರಂ ಎಂದರೆ ಹತ್ತು ಸದಸ್ಯರು ಅಥವಾ ಒಟ್ಟು ಸಂಖ್ಯೆಯ ಹತ್ತನೆಯ ಒಂದು ಭಾಗ, ಯಾವುದು ಹೆಚ್ಚೋ ಅದು. ನಮ್ಮ ವಿಧಾನಸಭೆಯ ಸ್ಥಾನಗಳು 224. ಹತ್ತರಿಂದ ಭಾಗಿಸಿದರೆ 22.4. ಈ ಲೆಕ್ಕವನ್ನು ಮೊಮ್ಮಗಳಿಗೆ ಕೊಟ್ಟಾಗ ಅವಳು ಕೇಳಿದ್ದು, “ಪಾಯಿಂಟ್ ನಾಕು ಮನಷ್ಯಾ ಹ್ಯಾಂಗ ಬಂದು ಕುಂದರ್ತಾನ ಮುತ್ಯಾ?” ಕೂಡ್ರಲಾರ, ಆದ್ದರಿಂದ ಇಪ್ಪತ್ತಮೂರನೆಯ ಪೂರ್ಣ ಮನುಷ್ಯನೇ ಬರಬೇಕು. ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿಯೂ ಇಂಥದೇ ನಿಯಮವಿದೆ. ಒಂದರಿಂದ ಐದನೆಯ ಇಯತ್ತೆಯವರೆಗೆ ಅರವತ್ತು ಮಕ್ಕಳಿಗೆ ಇಬ್ಬರು ಶಿಕ್ಷಕರು. ಅರವತ್ತೊಂದನೆಯ ಮಗು ದಾಖಲಾದರೆ ಮೂರನೆಯ ಶಿಕ್ಷಕರು ಬರಬೇಕು. ಮನುಷ್ಯರನ್ನು ಎಣಿಸುವಾಗ ಶೇಷವನ್ನು ಕೆಳಕ್ಕೆ ತಳ್ಳುವಂತಿಲ್ಲ, ಮೇಲಕ್ಕೆ ಎತ್ತಿಕೊಳ್ಳಬೇಕು. ಆ ಒಂದು ಮಗು ಒಬ್ಬ ಶಿಕ್ಷಕರಿಗೆ ಸಮ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ವಿಧಾನಸಭಾ ಮತಕ್ಷೇತ್ರಗಳು. 224ರಲ್ಲಿ ನಾಲ್ಕು, ಎಂದರೆ ಐವತ್ತಾರರಲ್ಲಿ ಒಂದು. ಅದು ನಮ್ಮ ಪಾಲಿಗೆ ಬಂದ ದನಿ; ದೊಡ್ಡದಲ್ಲ. ಆದರೆ ಊರೂರಿನ ಸರ್ಕಾರಿ ಶಾಲೆಯಲ್ಲಿ ಎಸ್.ಡಿ.ಎಂ.ಸಿ. ಎಂಬ ಪುಟ್ಟ ಶಾಸನಸಭೆಯೊಂದಿದೆ. ಇಂಥ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲಾದರೂ ತಂದೆತಾಯಿಗಳು ಅಥವಾ ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾಯಿದೆ ಹೇಳುತ್ತದೆ. ಸಾಲೊಟಗಿಯ ಒಪ್ಪಂದದಲ್ಲಿ ಎಡೆಯಿಲ್ಲದವರ ವಂಶದ ತಾಯಂದಿರು ಇಂದು ಅಲ್ಲಿ ಠರಾವು ಮಾಡಬಲ್ಲರು. ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ವರ್ಗಕ್ಕೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದೂ ಅದೇ ಕಾಯಿದೆಯಲ್ಲಿದೆ. ಆದರೆ ಕೇಳುವವರು ಕೇಳಬೇಕು, ಕೇಳಿದ್ದು ಬರಹದಲ್ಲಿರಬೇಕು.

ಈ ಸಭೆಗಳ ಠರಾವು ಪುಸ್ತಕಗಳಲ್ಲಿ ಧ್ವಜಾರೋಹಣದ ಖರ್ಚು, ಸುಣ್ಣಬಣ್ಣದ ಖರ್ಚು, ಅನುಮೋದನೆ, ಸಹಿ ಎಲ್ಲವೂ ಕ್ರಮವಾಗಿ ಬರುತ್ತವೆ. ಅವುಗಳ ಜೊತೆಗೆ ದೀಪಾವಳಿಯ ಮುಂದಿನ ಸಭೆಯಲ್ಲಿ ಇನ್ನೊಂದು ಪುಟವನ್ನು ಬರೆಸಲು ಕೇಳುಗರಾದ ತಾವು ಒತ್ತಾಯಿಸಬೇಕೆಂದು ನನ್ನ ಬಿನ್ನಹ: ಯಾವ ಮಗು, ಯಾವ ಇಯತ್ತೆ, ಯಾವ ದಿನ ಊರು ಬಿಟ್ಟಿತು, ಯಾವ ಊರಿಗೆ ಹೋಗಿದೆ, ಎಂದು ಮರಳುತ್ತದೆ. ಐದು, ಎರಡೂವರೆ, ಒಂದೂಕಾಲು ಎಂದು ಪಾವಿಟ್ಟಗೆಯವರು ಬರೆಸಿದ್ದು ಕಲ್ಲಿನ ಮೇಲೆ. ನಮಗೆ ನೂರು ಹಾಳೆಯ ಒಂದು ವಹಿ ಸಾಕು.